ಫೋನ್ ಜೇಬಿನಲ್ಲಿಟ್ಟ ಮೇಲೆ ಸಿಕ್ಕ ಅಂಡಮಾನ್ ಗೂಬೆ

ಅಂಡಮಾನ್ ಸ್ಕಾಪ್ಸ್ ಗೂಬೆಯನ್ನು ನೋಡಲೇಬೇಕು ಅಂತ ಫೆಬ್ರವರಿಯಲ್ಲಿ ದಕ್ಷಿಣ ಅಂಡಮಾನಿಗೆ ಹೋಗಿದ್ದೆ. ನಮ್ಮೂರಿನ ಹಾಲಕ್ಕಿಗಿಂತಲೂ ಚಿಕ್ಕ ಹಕ್ಕಿ ಅದು, ಉದ್ದ 18-19 ಸೆಂಟಿಮೀಟರ್ ಅಷ್ಟೇ. ಅಂಡಮಾನ್ ದ್ವೀಪಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 1873ರಲ್ಲಿ ಎ. ಓ. ಹ್ಯೂಮ್ ಇದನ್ನು ಮೊದಲು ವಿವರಿಸಿ, ಭೂವಿಜ್ಞಾನಿ ವ್ಯಾಲೆಂಟೈನ್ ಬಾಲ್ ಅವರ ಹೆಸರಿಟ್ಟರು. ಹಾಗಾಗಿ ವೈಜ್ಞಾನಿಕ ಹೆಸರು ಓಟಸ್ ಬಾಲಿ. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಹ್ಯೂಮ್ ಇವರೇ.

ಮೊದಲ ರಾತ್ರಿ ಚಿಡಿಯಾ ಟಾಪು ರಸ್ತೆಯಲ್ಲಿ ನಿಂತು ಫೋನಿನಲ್ಲಿ ಅದರ ಕೂಗು ಹಾಕಿದೆ. ಎರಡು ನಿಮಿಷದಲ್ಲಿ ಒಂದು ಹಕ್ಕಿ ತಲೆಯ ಮೇಲೆ ಸುಳಿಯಿತು. ಟಾರ್ಚ್ ಬಿಟ್ಟೆ. ಕೊಂಬೆಯಿಂದ ಕೊಂಬೆಗೆ ಹಾರುತ್ತಾ, ಬಿಡದೆ ಕೂಗುತ್ತಾ ಇತ್ತು. ಫೋಟೊ ಸಿಕ್ಕಿತು, ಆದರೆ ರೂಮಿಗೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇವು ಮೊಟ್ಟೆ ಇಡುವ ಕಾಲ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂತ ಆ ಹಕ್ಕಿ ಬೇಟೆ ಬಿಟ್ಟು ಓಡಿ ಬಂದಿತ್ತು. ನಾನು ಮಾಡಿದ್ದು ತಪ್ಪು. ಆಮೇಲೆ ಇವತ್ತಿನವರೆಗೂ ಯಾವ ಗೂಬೆಗೂ ಕೂಗು ಹಾಕಿಲ್ಲ.

ಎರಡನೇ ರಾತ್ರಿ ಬರೀ ಕೇಳಿಸಿಕೊಂಡೆ. ಅಲ್ಲಿ ಬೇರೆ ಗೂಬೆಗಳೂ ಇವೆ, ಕಿವಿ ಪಳಗದಿದ್ದರೆ ಗೊಂದಲ ಆಗುತ್ತದೆ. ಹ್ಯೂಮ್ಸ್ ಬೂಬುಕ್‌ನದು ದಪ್ಪ ದನಿ, 'ಊ-ವುಕ್' ಅಂತ. ಓರಿಯೆಂಟಲ್ ಸ್ಕಾಪ್ಸ್ ಕೂಡ ಅದೇ ಕಾಡಿನಲ್ಲಿದೆ. ಅದರ ಕೂಗೇ ಬೇರೆ. ನಮ್ಮ ಹಕ್ಕಿಯದು ಮೆತ್ತಗೆ, 'ಹೂಟ್ ಹೂಟ್ ಕುರ್‍ರೂ' ಅಂತ ಕೊನೆ ಉರುಳುತ್ತದೆ. ಕೂಗು ಕೇಳಿದ ಸಮಯ, ಬಂದ ದಿಕ್ಕು ಎರಡನ್ನೂ ಬರೆದುಕೊಂಡೆ. ಕಾಡಿನ ನಡುವಿಗಿಂತ ಊರಿನ ಅಂಚಿನಿಂದಲೇ ಜಾಸ್ತಿ ಕೂಗು ಬರುತ್ತಿತ್ತು! ಈ ಗೂಬೆ ಮನೆ ಹಿತ್ತಿಲು, ತೋಟಗಳ ಹತ್ತಿರವೂ ಇರುತ್ತದೆ ಅಂತ ಓದಿದ್ದೆ. ಕಿವಿಯಾರೆ ಕೇಳಿದಾಗಲೇ ನಂಬಿಕೆ ಬಂತು.

ಮರುದಿನ ಆ ದಿಕ್ಕಿಗೆ ನಡೆದರೆ ಒಂದು ಅಡಿಕೆ ತೋಟ. ನಾನು ಶಿರಸಿ ಕಡೆಯವನು. ಸಮುದ್ರ ದಾಟಿ ಬಂದರೂ ಅದೇ ನೆರಳು, ಅದೇ ಒದ್ದೆ ಮಣ್ಣಿನ ವಾಸನೆ. ತೋಟದ ಯಜಮಾನಿ ಬಂಗಾಳಿ ಹೆಂಗಸು. "ಮಾಸಿ, ರಾತ್ರಿ ಇಲ್ಲಿ ಗೂಬೆ ಕೂಗುತ್ತದಾ?" ಅಂತ ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. ಅವರು ತೋಟದ ಅಂಚಿನ ಒಣಮರ ತೋರಿಸಿದರು. ಮರಕುಟಿಗ ಕೊರೆದು ಬಿಟ್ಟ ಹಳೇ ಪೊಟರೆ, ನೆಲದಿಂದ ಹತ್ತಡಿ ಇರಬಹುದು. ಇಂಥ ಪೊಟರೆಗಳಲ್ಲೇ ಇವು ಎರಡೋ ಮೂರೋ ಮೊಟ್ಟೆ ಇಡುವುದು. "ಮಗ ಸೌದೆಗೆ ಕಡಿಯುತ್ತೇನೆ ಅಂದ, ನಾನೇ ಬೇಡ ಅಂದೆ" ಅಂದರು ಮಾಸಿ.

ಪೊಟರೆಯ ಹತ್ತಿರ ಹೋಗಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವರ ದನದ ಕೊಟ್ಟಿಗೆಗೆ ಒರಗಿ ಕೂತೆ. ಅಲ್ಲಿ ಆರಕ್ಕೆಲ್ಲ ಕತ್ತಲು. ಟಾರ್ಚ್ ಹಚ್ಚಲಿಲ್ಲ, ಅಂಗಳದ ಬಲ್ಬಿನ ಬೆಳಕೇ ಸಾಕಿತ್ತು. ಸೊಳ್ಳೆ ವಿಪರೀತ, ತುಂಬುತೋಳಿನ ಅಂಗಿ ಬೇಕೇ ಬೇಕು.

ಮುಕ್ಕಾಲು ಗಂಟೆ ಕಳೆದಿರಬೇಕು. ಪೊಟರೆಯ ಬಾಯಲ್ಲಿ ಒಂದು ಮುಖ ಕಾಣಿಸಿತು. ಹಳದಿ ಕಣ್ಣು, ಕಂದು ಮೈ ತುಂಬ ಸಣ್ಣ ಬಿಳಿ ಚುಕ್ಕಿ. ಸದ್ದೇ ಇಲ್ಲದೆ ಪಕ್ಕದ ಹಲಸಿನ ಕೊಂಬೆಗೆ ಬಂತು. ಆಮೇಲೆ ನಾನು ನಿರೀಕ್ಷಿಸದೇ ಇದ್ದದ್ದನ್ನು ನೋಡಿದೆ. ಹಾರಿ ಎರಗುವ ಬದಲು ಗಿಳಿಯ ಹಾಗೆ ಕೊಂಬೆಯ ಉದ್ದಕ್ಕೂ ಅಡ್ಡಡ್ಡ ಹೆಜ್ಜೆ ಇಡುತ್ತಾ, ಎಲೆಗಳ ನಡುವೆ ಕತ್ತು ಹಾಕಿ ಕಂಬಳಿಹುಳ ಹೆಕ್ಕುತ್ತಿತ್ತು. ನಾನಿದ್ದೇನೆ ಅನ್ನುವ ಗೊಡವೆಯೇ ಅದಕ್ಕಿರಲಿಲ್ಲ. ಒಂದು ಹುಳ ಕೊಕ್ಕಿನಲ್ಲಿಟ್ಟುಕೊಂಡೇ ಪೊಟರೆಗೆ ವಾಪಸು ಹಾರಿತು. ಒಳಗಿನಿಂದ ಇನ್ನೊಂದು ದನಿ ಮೆಲ್ಲಗೆ ಓಗೊಟ್ಟಿತು.