ಆಂಟಿಬಯೋಟಿಕ್ ತಗೊಳ್ತಿರುವಾಗ ಮೊಸರು, ಪ್ರೋಬಯೋಟಿಕ್ ಹೇಗೆ ತಗೊಳ್ಳುದು

ಮಳೆಗಾಲ ಶುರುವಾದ್ರೆ ನಮ್ಮ ಕಾಸರಗೋಡಿನ ಕಡೆ ತೋಟದ ಕೆಸರಿಗಿಳಿಯುವವರಿಗೆ ಇಲಿಜ್ವರ ಬಾರದ ಹಾಗೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೊಡ್ತಾರೆ, ವಾರಕ್ಕೊಮ್ಮೆ 200 ಮಿಲಿಗ್ರಾಮ್. ಅದನ್ನು ನುಂಗಿದ ಕೂಡಲೇ ಹೊಟ್ಟೆ ತಂಪಾಗ್ಲಿ ಅಂತ ಒಂದು ಲೋಟ ಮಜ್ಜಿಗೆ ಕುಡಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಹಾಲು ಮೊಸರಲ್ಲಿರುವ ಕ್ಯಾಲ್ಸಿಯಂ ಈ ಮದ್ದಿಗೆ ಅಂಟಿಕೊಂಡು ರಕ್ತಕ್ಕೆ ಸೇರುವ ಮದ್ದು ಕಡಿಮೆ ಆಗ್ತದೆ, ಇನ್ನೊಂದು ಆಂಟಿಬಯೋಟಿಕ್ ಸಿಪ್ರೊಫ್ಲೊಕ್ಸಾಸಿನ್‌ಗೂ ಹೀಗೇ. ಮಾತ್ರೆ ದೊಡ್ಡ ಲೋಟ ನೀರಲ್ಲಿ ನುಂಗಿ, ಮಜ್ಜಿಗೆ ಕಡಿಮೆ ಅಂದ್ರೂ ಎರಡು ಗಂಟೆ ಬಿಟ್ಟು.

ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಉಂಟು, ಆಂಟಿಬಯೋಟಿಕ್ ರೋಗದ್ದನ್ನು ಮಾತ್ರ ಆರಿಸಿ ಕೊಲ್ಲುದಿಲ್ಲ. ತೋಟಕ್ಕೆ ಕಳೆನಾಶಕ ಹೊಡೆದ ಮೇಲೆ ಖಾಲಿ ಜಾಗದಲ್ಲಿ ಮೊದಲು ಏಳುದು ಜಗ್ಗದ ಕಳೆಯೇ ಅಲ್ವಾ, ಹಾಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಮತ್ತೆ ಮದ್ದಿಗೆ ಬಗ್ಗದ ಗುಣ ಕೊಡುವ ಅದರ ರೆಸಿಸ್ಟೆನ್ಸ್ ಜೀನ್ ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಬಹುದು. ಮೊಸರು ತಿಂದು ಇದನ್ನು ಸರಿಮಾಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಶೀತಕ್ಕೆ, ವೈರಲ್ ಜ್ವರಕ್ಕೆ ಆಂಟಿಬಯೋಟಿಕ್ ಕೇಳ್ಲೇಬೇಡಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ರೆ ಅದು ಚೀಟಿ ಇಲ್ಲದೆ ತಗೊಳ್ಳುವ ಮದ್ದಲ್ಲ. ಕೇರಳದಲ್ಲಿ 2024ರಿಂದ ಆಪರೇಷನ್ ಅಮೃತ್ ಅಂತ ಮೆಡಿಕಲ್‌ಗಳಲ್ಲಿ ತಪಾಸಣೆ ಉಂಟು, ಇಲ್ಲಿ ಕೊಡ್ಲಿಲ್ಲ ಅಂತ ತಲಪಾಡಿ ಗಡಿ ದಾಟಿ ಮಂಗಳೂರಿಂದ ತರಿಸುದೂ ಬೇಡ.

ಡಾಕ್ಟ್ರು ಕೋರ್ಸ್ ಕೊಟ್ಟೇ ಕೊಟ್ರು ಅಂತಿಟ್ಕೊಳ್ಳಿ, ಭೇದಿ ಆಗದ ಹಾಗೆ ಪ್ರೋಬಯೋಟಿಕ್, ಅಂದ್ರೆ ಜೀವಂತ ಒಳ್ಳೇ ಸೂಕ್ಷ್ಮಜೀವಿಗಳಿರುವ ಕ್ಯಾಪ್ಸೂಲ್ ಅಥವಾ ಪುಡಿ, ಬೇಕಾ ಅಂತ ಅವರನ್ನೇ ಕೇಳಿ. ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನುದು ಯೀಸ್ಟ್, ಬ್ಯಾಕ್ಟೀರಿಯಾದ ಮದ್ದು ಅದನ್ನು ಕೊಲ್ಲುದಿಲ್ಲ, ಆದ್ರೆ ಫಂಗಸ್ಸಿನ ಮಾತ್ರೆ ತಗೊಳ್ತಿದ್ರೆ ಅದು ಉಪಯೋಗಕ್ಕಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಜಾತಿಯದ್ದಾದ್ರೆ ಮಾತ್ರೆಯಿಂದ ಎರಡು ಗಂಟೆ ದೂರ ಇಡಿ. ಪ್ಯಾಕೆಟ್ ಮೇಲೆ ಬ್ಯಾಕ್ಟೀರಿಯಾದ ಪೂರ್ತಿ ಹೆಸರು, ಅದರ ಒಳತಳಿ ಅಂದ್ರೆ ಸ್ಟ್ರೇನ್‌ನ ಕೋಡ್, ಎಕ್ಸ್‌ಪೈರಿ ದಿನಕ್ಕೆ ಎಷ್ಟು ಜೀವಂತ ಇರ್ತದೆ ಅನ್ನುದು ನೋಡಿ, ಇಷ್ಟೂ ಇಲ್ಲದ್ದು ನಾನಂತೂ ತಗೊಳ್ಳುದಿಲ್ಲ. ಕೀಮೋ ನಡೀತಿರುವವರಿಗೆ, ಐಸಿಯುನಲ್ಲಿರುವವರಿಗೆ, ದಿನ ತುಂಬದೆ ಹುಟ್ಟಿದ ಮಗುವಿಗೆ ಸ್ವಂತ ಬುದ್ಧಿಯಿಂದ ಕೊಡ್ಲೇಬಾರ್ದು, ಅದು ರಕ್ತಕ್ಕೆ ಸೇರಿ ಸೋಂಕಾಗುವ ಅಪಾಯ ಉಂಟು.

ಕೋರ್ಸ್ ಮುಗಿದ ಮೇಲೂ ತಿಂಗಳುಗಟ್ಟಲೆ ಕ್ಯಾಪ್ಸೂಲ್ ನುಂಗುದು ನನಗೆ ಸರಿ ಕಾಣುದಿಲ್ಲ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನವರು ನೋಡಿದಾಗ ಆಂಟಿಬಯೋಟಿಕ್ ಆದ ಮೇಲೆ ಪ್ರೋಬಯೋಟಿಕ್ ತಗೊಂಡವರಲ್ಲಿ ಅವರದ್ದೇ ಬ್ಯಾಕ್ಟೀರಿಯಾ ವಾಪಸ್ ಬರ್ಲಿಕ್ಕೆ ಏನೂ ತಗೊಳ್ಳದವರಿಗಿಂತ ತಡ ಆಯ್ತು. ಚಿಕ್ಕ ಅಧ್ಯಯನ ಹೌದು, ಆದ್ರೂ ಯೋಚನೆ ಮಾಡ್ಬೇಕಾದ ವಿಷಯ. ನಮ್ಮದೇ ಬ್ಯಾಕ್ಟೀರಿಯಾಕ್ಕೆ ತಿನ್ಲಿಕ್ಕೆ ಕೊಡುದು ಮುಖ್ಯ, ಅಂದ್ರೆ ನಾರು. ಬಾಳೆದಿಂಡು, ಬಾಳೆಯ ಹೂವು ಅಂದ್ರೆ ಕುಂಡಿಗೆ, ಅಲಸಂಡೆ, ಹಲಸಿನ ಬೀಜ, ಹೆಸರುಕಾಳು. ನಾರನ್ನು ಬ್ಯಾಕ್ಟೀರಿಯಾ ಹುದುಗಿಸಿದಾಗ ಬ್ಯುಟಿರೇಟ್ ಬರ್ತದೆ, ಅದು ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ, ಇಮ್ಯೂನಿಟಿ ಅನಾವಶ್ಯಕ ಉರಿಯೂತಕ್ಕೆ ಹೋಗದ ಹಾಗೆ ಹಿಡಿತದಲ್ಲಿಡ್ಲಿಕ್ಕೂ ಸಹಾಯ ಮಾಡ್ತದೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರ ಅಧ್ಯಯನದಲ್ಲಿ 10 ವಾರ ಹುದುಗಿದ ಆಹಾರ ಜಾಸ್ತಿ ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಹೆಚ್ಚಿ ಉರಿಯೂತದ ಗುರುತುಗಳು ಇಳಿದಿದ್ವು.

ಹುದುಗಿದ್ದು ಅಂದ್ರೆ ನಮಗೆ ಮೊಸರೇ. ಕಾಯಿಸಿದ ಹಾಲು ಬೆರಳಿಟ್ರೆ ಹಿತವಾಗಿ ಬೆಚ್ಚಗೆ ಅನ್ನಿಸುವಷ್ಟು ಆರ್ಲಿ, ಬಿಸಿ ಜಾಸ್ತಿ ಇದ್ರೆ ಹೆಪ್ಪಿನಲ್ಲಿರುವುದು ಸಾಯ್ತದೆ. ಒಂದು ಚಮಚ ಹೆಪ್ಪು ಹಾಕಿ ಕದಡಿ ಮುಚ್ಚಿಡಿ, ಮಳೆಗಾಲದ ಆಟಿ ತಿಂಗಳ ಚಳಿಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಟ್ರೆ ಬೆಳಿಗ್ಗೆಗೆ ಗಟ್ಟಿಯಾಗಿರ್ತದೆ. ಇದರಲ್ಲಿ ಯಾವ ಸ್ಟ್ರೇನ್ ಎಷ್ಟುಂಟು ಅಂತ ಲೆಕ್ಕ ಇಲ್ಲ, ಹಾಗಾಗಿ ಡಾಕ್ಟ್ರು ಬರೆದ ಕ್ಯಾಪ್ಸೂಲ್ ಬದಲಿಗೆ ಇದೇ ಸಾಕು ಅಂದ್ಕೊಳ್ಬೇಡಿ. ಮಜ್ಜಿಗೆಹುಳಿ ಕುದಿಸಿದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುದಿಲ್ಲ, ಇಡ್ಲಿ ದೋಸೆಯಲ್ಲೂ ಅಷ್ಟೇ. ಒಂದೆಲಗದ ತಂಬುಳಿಗೆ ಮಜ್ಜಿಗೆ ಹಸಿಯಾಗೇ ಸೇರುದ್ರಿಂದ ಅದು ಒಳ್ಳೇದು, ಒಗ್ಗರಣೆ ಆರಿದ ಮೇಲೆ ಹಾಕಿ.

ಕೋರ್ಸ್ ನಡೀತಿರುವಾಗ ಅಥವಾ ಮುಗಿದು ಕೆಲವು ವಾರದೊಳಗೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ನೀರಾಗಿ ಭೇದಿ ಹೋದ್ರೆ, ರಕ್ತ ಕಂಡ್ರೆ, ಜ್ವರ ಬಂದ್ರೆ ಮೊಸರನ್ನ ತಿಂದು ಕಾಯ್ಬೇಡಿ, ಭೇದಿ ನಿಲ್ಲಿಸುವ ಮಾತ್ರೆಯನ್ನೂ ನೀವಾಗಿ ತಗೊಳ್ಬೇಡಿ. ಓಆರ್‌ಎಸ್ ಕುಡೀತಾ ಡಾಕ್ಟ್ರ ಹತ್ರ ಹೋಗಿ, ಯಾವ ಆಂಟಿಬಯೋಟಿಕ್ ತಗೊಂಡದ್ದು ಅಂತ ಸ್ಟ್ರಿಪ್ಪನ್ನೇ ತೋರಿಸಿ.