ನಾಯಕನಿಲ್ಲದ ಸಿನಿಮಾ, ಹನ್ನೊಂದು ಮಕ್ಕಳು

ಹೈಸ್ಕೂಲ್ ಸಿನಿಮಾ ಅಂದರೆ ನಮ್ಮಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ನಡುವೆ ಒಂದು ಪ್ರೇಮಪತ್ರ. ಉಳಿದ ಮಕ್ಕಳೆಲ್ಲ ಹಿಂದೆ ನಿಂತು ನಗುವುದಕ್ಕೆ. ನನಗೆ ಆ ಹಿಂದೆ ನಿಂತವರೇ ಬೇಕಿತ್ತು. ಕಲಬುರಗಿಯ ಹನ್ನೊಂದು ಮಕ್ಕಳನ್ನು ಸೇರಿಸಿಕೊಂಡು, ಎಸ್‌ಎಸ್‌ಎಲ್‌ಸಿ ಕಡೇ ಪೇಪರ್ ಮುಗಿದ ದಿನದ ಬಗ್ಗೆ ಅರ್ಧ ಗಂಟೆಯ ಸಿನಿಮಾ ಮಾಡಿದೆ. ದಾರಿ ತೋರಿಸಿದ್ದು ಅಮೆರಿಕದ ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಅವರ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’.

ಅದು 1993ರ ಸಿನಿಮಾ. ಕತೆ ನಡೆಯುವುದು 1976ರ ಮೇ 28ರಂದು, ಟೆಕ್ಸಾಸ್‌ನ ಒಂದು ಊರಲ್ಲಿ. ಶಾಲೆಯ ಕಡೇ ದಿನ ಶುರುವಾಗಿ ಮರುದಿನ ಬೆಳಗಾಗುವಷ್ಟರಲ್ಲಿ ಮುಗಿಯುತ್ತದೆ. ಇಪ್ಪತ್ತಕ್ಕೂ ಜಾಸ್ತಿ ಪಾತ್ರಗಳು. ಕಾರಲ್ಲಿ ಸುತ್ತುತ್ತಾರೆ, ಹೊಸಬರನ್ನು ಸೀನಿಯರ್‌ಗಳು ಗೋಳುಹೊಯ್ದುಕೊಳ್ಳುತ್ತಾರೆ, ಒಂದು ಪಾರ್ಟಿ ರದ್ದಾಗಿ ಇನ್ನೊಂದು ಕಡೆ ಸೇರುತ್ತಾರೆ. ದೊಡ್ಡ ಪ್ರಶ್ನೆ ಅಂತ ಇರುವುದು ಒಂದೇ: ಫುಟ್‌ಬಾಲ್ ಆಡುವ ಹುಡುಗ, ಕುಡಿತ, ಡ್ರಗ್ಸ್ ಮುಟ್ಟಲ್ಲ ಅಂತ ಕೋಚ್ ಬರೆಸಿಕೊಳ್ಳುವ ಕಾಗದಕ್ಕೆ ಸಹಿ ಹಾಕುತ್ತಾನೋ ಇಲ್ಲವೋ. ಆದರೂ ಕಣ್ಣು ಕದಲುವುದಿಲ್ಲ. ಯಾಕೆಂದರೆ ಪ್ರತಿಯೊಬ್ಬರಿಗೂ ಆ ದಿನ ಏನೋ ಒಂದು ಬೇಕಾಗಿದೆ.

ನಾನೂ ಹಾಗೇ ಶುರು ಮಾಡಿದೆ. ಮೊದಲಿಗೆ ಸೀನ್ ಬರೆಯಲಿಲ್ಲ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಎಡಕ್ಕೆ ಮಕ್ಕಳ ಹೆಸರು, ಮೇಲೆ ಗಂಟೆಗಳು. ಪ್ರತಿ ಹೆಸರಿನ ಮುಂದೆ ಒಂದೇ ಒಂದು ಬೇಡಿಕೆ. ಒಬ್ಬಳಿಗೆ ಆಳಂದದ ಬಸ್ ಹಿಡಿಯಬೇಕು. ಒಬ್ಬನಿಗೆ ಗಣಿತದಲ್ಲಿ ಪಾಸಾಗುತ್ತೇನಾ ಅಂತ ಯಾರಾದರೂ ಹೇಳಬೇಕು. ಒಬ್ಬಳಿಗೆ ವರ್ಷವಿಡೀ ಮಾತಾಡದ ಗೆಳತಿಯ ಕಂಪಾಸ್ ಬಾಕ್ಸ್ ವಾಪಸ್ ಕೊಡಬೇಕು. ಇಬ್ಬರ ಬೇಡಿಕೆ ಒಂದೇ ಗಂಟೆಗೆ ಒಂದೇ ಜಾಗದಲ್ಲಿ ಎದುರಾದರೆ ಅಲ್ಲಿ ಸೀನ್ ತಾನಾಗಿಯೇ ಹುಟ್ಟುತ್ತದೆ.

ಲಿಂಕ್‌ಲೇಟರ್ ನಟರಿಗೆ ಆ ಕಾಲದ ಹಾಡುಗಳ ಕ್ಯಾಸೆಟ್ ಮಾಡಿಕೊಟ್ಟಿದ್ದರು. ರಿಹರ್ಸಲ್‌ನಲ್ಲಿ ಅವರಿಂದ ಬಂದ ಮಾತನ್ನು ಸ್ಕ್ರಿಪ್ಟಿಗೆ ಸೇರಿಸಿಕೊಂಡರು. ಈಗ ಹೆಸರಾಂತ ನಟರಾದ ಮ್ಯಾಥ್ಯೂ ಮೆಕಾನಹೆ ಆಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಓದುತ್ತಿದ್ದ ಹುಡುಗ. ಅವರ ಚಿಕ್ಕ ಪಾತ್ರ ಹಾಗೇ ಬೆಳೆಯಿತು. ಬರೆದದ್ದಕ್ಕಿಂತ ಕೇಳಿಸಿದ್ದು ಚೆನ್ನಾಗಿದ್ದರೆ ಬರೆದದ್ದನ್ನು ಬಿಡುವ ಧೈರ್ಯ ಅದು. ನನ್ನ ಪ್ರಕಾರ ಲಿಂಕ್‌ಲೇಟರ್ ಶೈಲಿಯ ಬೇರು ಇರುವುದು ಇಲ್ಲೇ, ಕ್ಯಾಮೆರಾದಲ್ಲಿ ಅಲ್ಲ.

ಇದು ನನಗೆ ಸಿಕ್ಕಿದ್ದು ಅಂಗಿಯ ಸೀನಲ್ಲಿ. ಕಡೇ ದಿನ ಒಬ್ಬರ ಯೂನಿಫಾರ್ಮ್ ಮೇಲೆ ಒಬ್ಬರು ಹೆಸರು ಬರೆಯುವುದು ಗೊತ್ತಲ್ವಾ? ಶಾಲೆ ಪಡಸಾಲೆಯಲ್ಲಿ, ಶಹಾಬಾದ್ ಪರಸಿ (ಹಾಸುಗಲ್ಲು) ಮೇಲೆ ಕೂತು ರಿಹರ್ಸಲ್. ನಾನು ಬರೆದದ್ದು ಇಬ್ಬರು ಗೆಳೆಯರ ಜಗಳ. ಒಬ್ಬ ಸ್ಕೆಚ್ ಪೆನ್ ಹಿಡಿದು ಹತ್ತಿರ ಬಂದ. ಇನ್ನೊಬ್ಬ ಎರಡೂ ಕೈಯಿಂದ ಎದೆ ಮುಚ್ಚಿಕೊಂಡ. “ಬರೀಬ್ಯಾಡಲೇ. ಮುಂದಿನ ವರ್ಷ ತಮ್ಮಗ ಬೇಕು ಇದು.” ಇದು ನನ್ನ ಮಾತಲ್ಲ. ಪೆನ್ ಹಿಡಿದವನು ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ, “ಕಾಲರ್ ಒಳಗ ಬರಿತೀನಿ. ಯಾರಿಗೂ ಕಾಣಂಗಿಲ್ಲ,” ಅಂದ. ಗೆಳೆಯ ತಲೆ ಬಗ್ಗಿಸಿ ಕಾಲರ್ ಎತ್ತಿದ. ಜಗಳವನ್ನು ಅಲ್ಲೇ ಹೊಡೆದು ಹಾಕಿದೆ. ಶೂಟಿಂಗ್ ದಿನ ಅವರಿಗೆ ಹೇಳಿದ್ದು ಇಷ್ಟೇ: ಅವತ್ತು ಅಂದಿದ್ದನ್ನೇ ಅನ್ನಿ, ಅವಸರ ಬೇಡ.

ಭಾಷೆಯನ್ನೂ ತಿದ್ದಲಿಲ್ಲ. ಮೇಷ್ಟ್ರ ಎದುರು ಪುಸ್ತಕದ ಕನ್ನಡ, ಮನೇಲಿ ನಮ್ಮ ಕಲಬುರಗಿ ಕನ್ನಡ, ರೋಜಾ ಬಡಾವಣೆ ಕಡೆಯ ಗೆಳೆಯ ಸಿಕ್ಕರೆ ದಖನಿ ಉರ್ದು. ಒಂದೇ ಹುಡುಗ, ಒಂದೇ ನಿಮಿಷದಲ್ಲಿ. ಇದನ್ನು ಸಪಾಟು ಮಾಡಿದರೆ ಊರೇ ಹೋಗಿಬಿಡುತ್ತದೆ.

ರಾತ್ರಿಯ ಭಾಗ ಮಾತ್ರ ಬೇರೆ ಥರ ಯೋಚಿಸಬೇಕಾಯಿತು. ಲಿಂಕ್‌ಲೇಟರ್ ಸಿನಿಮಾದ ಮಕ್ಕಳು ರಾತ್ರಿಯಿಡೀ ಊರು ಸುತ್ತುತ್ತಾರೆ. ಇಲ್ಲಿ ಹುಡುಗಿಯರನ್ನು ಹೊತ್ತು ಮುಳುಗಿದ ಮೇಲೆ ಹೊರಗೆ ಬಿಡುವವರು ಯಾರು? ಹುಡುಗರನ್ನು ಊರಿನ ‘ಅಪ್ಪನ ಕೆರೆ’ ದಂಡೆಗೆ ಕಳಿಸಿದೆ, ಹುಡುಗಿಯರನ್ನು ಮಾಳಿಗೆ ಹತ್ತಿಸಿದೆ. ಬೇಸಿಗೆಯಲ್ಲಿ ನಾವು ಮಲಗುವುದೇ ಮಾಳಿಗೆ ಮೇಲೆ. ಹಾಸಿಗೆ ಹಾಸುತ್ತಾ, ನೀರು ಚಿಮುಕಿಸುತ್ತಾ ಅವರು ಆಡುವ ಮಾತು ಕೆರೆ ದಂಡೆಯ ಮಾತಿಗಿಂತ ಗಟ್ಟಿಯಾಗಿ ಬಂತು.

ಬಿಸಿಲಿನ ಬಗ್ಗೆ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನಾವು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಮತ್ತೆ ಸಂಜೆ ಐದರ ಮೇಲೆ ಕ್ಯಾಮೆರಾ ತೆಗೆಯುತ್ತಿದ್ದೆವು. ಮಧ್ಯಾಹ್ನದ ಸೀನ್‌ಗಳನ್ನೆಲ್ಲ ಪಡಸಾಲೆಯ ಒಳಗೇ ಇಟ್ಟೆ. ಹೊರಗಿನ ಬೆಳಕು ಬಾಗಿಲಲ್ಲಿ ಬೆಳ್ಳಗೆ ಸುಡುತ್ತಿದ್ದರೆ ಸಾಕು, ಬಿಸಿಲು ಗೊತ್ತಾಗುತ್ತದೆ.

ಚಿತ್ರೀಕರಣ ಎರಡು ಮೊಬೈಲ್‌ಗಳಲ್ಲಿ. ಒಂದು ಇಡೀ ಗುಂಪಿಗೆ, ಅಲುಗಾಡದೆ. ಇನ್ನೊಂದು ಮಾತಾಡುವವರನ್ನು ಬಿಟ್ಟು ಕೇಳುವವರ ಮುಖಕ್ಕೆ. ಗುಂಪಿನ ಸಿನಿಮಾದಲ್ಲಿ ಕೇಳುವ ಮುಖಗಳೇ ಬಂಡವಾಳ. ಹಾಡು ಕೊಳ್ಳುವ ದುಡ್ಡು ನಮ್ಮಲ್ಲಿ ಇರಲಿಲ್ಲ. ಆಟೋದಲ್ಲಿ ಹಾಡು ಬಂದರೆ ಹಕ್ಕಿನ ತೊಂದರೆ, ಅದಕ್ಕೇ ನಿಲ್ಲಿಸಿ ಮತ್ತೆ ತೆಗೆಯುತ್ತಿದ್ದೆವು. ಕೊನೆಗೆ ಒಬ್ಬ ಹುಡುಗಿಯ ಅಜ್ಜಿ ಹಾಡಿದ ಬೀಸುವ ಪದವನ್ನು ಮಾಳಿಗೆ ಸೀನಿಗೆ ಇಟ್ಟೆ.

ಎಡಿಟಿಂಗ್‌ನಲ್ಲಿ ಮತ್ತೆ ಗೋಡೆಯ ಹಾಳೆ ನೋಡಿದೆ. ಹನ್ನೊಂದರಲ್ಲಿ ಯಾರಿಗೆ ತಮ್ಮದೇ ಒಂದು ಗಳಿಗೆ ಸಿಕ್ಕಿಲ್ಲವೋ ಅವರಿಗೆ ಮೊದಲು ಜಾಗ. ಅದಕ್ಕಾಗಿ ಚೆಂದದ ಕೋಟೆ ಶಾಟ್ ತೆಗೆದುಹಾಕಿದೆ. ಆ ಜಾಗಕ್ಕೆ ಬಂದದ್ದು ಆಳಂದದ ಬಸ್ ತಪ್ಪಿಸಿಕೊಂಡ ಹುಡುಗಿ ಫೋನಲ್ಲಿ ಅಪ್ಪನಿಗೆ ಹೇಳುವ ಮಾತು: “ಇನ್ನೊಂದು ಬಸ್ಸಿಗಿ ಬರ್ತೀನ್ರಿ ಅಪ್ಪಾ, ಇವರೆಲ್ಲ ಇನ್ನಾ ಇಲ್ಲೇ ಅದಾರ.”