ಕಷ್ಟದ ಲೆಕ್ಕ ಕೊಟ್ಟೆ, ಹುಡುಗರು ಪಾಸಾದರು

ಅಮೆರಿಕದ ಬಾಲ್ಟಿಮೋರ್‌ನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಬೀಜಗಣಿತ ಕಲಿಸುತ್ತೇನೆ. ಹಿಂದೆ ಬಿದ್ದಿರುವ ಕಪ್ಪು ವರ್ಣೀಯ ಹುಡುಗರಿಗೆ ಇನ್ನೂ ಕಷ್ಟದ ಲೆಕ್ಕ ಕೊಡುತ್ತೇನೆ ಎಂದಾಗ, ‘ಭಿನ್ನರಾಶಿಯೇ ಬಾರದವರಿಗೆ ಇದೆಲ್ಲ ಏಕೆ?’ ಎಂದು ಕೇಳದ ಸಹೋದ್ಯೋಗಿಯಿರಲಿಲ್ಲ. ಈಗ ಗುಂಪಿನ ಮೂವತ್ತು ಚಿಲ್ಲರೆ ಹುಡುಗರಲ್ಲಿ ಮುಕ್ಕಾಲು ಪಾಲು ಪಾಸಾಗುತ್ತಿದ್ದಾರೆ. ಮೊದಲು ಅರ್ಧದಷ್ಟೂ ಆಗುತ್ತಿರಲಿಲ್ಲ. ಪಕ್ಕದ ಕೊಠಡಿಯವರೂ ನನ್ನ ಹಾಳೆಗಳನ್ನು ಕೇಳಿ ಒಯ್ಯುತ್ತಾರೆ.

ಇದಕ್ಕೆ ಮುಂಚೆ ನಡೆದದ್ದೆಲ್ಲ ಮಣ್ಣುಪಾಲು. ಸಂಜೆಯ ಪರಿಹಾರ ಬೋಧನೆಗೆ ಎರಡನೆಯ ವಾರದಿಂದಲೇ ಬೆಂಚುಗಳು ಖಾಲಿ. ‘ದಡ್ಡರ ಕ್ಲಾಸು’ ಎಂಬ ಹೆಸರು ಅಂಟಿದ ಕಡೆಗೆ ಹದಿನಾಲ್ಕರ ಹುಡುಗ ಬರುವುದಿಲ್ಲ. ಆಮೇಲೆ ಶಾಲೆ ಹತ್ತಿರಹತ್ತಿರ 8,000 ಡಾಲರ್ ಸುರಿದು ಗಣಿತದ ಆ್ಯಪ್ ತರಿಸಿತು. ಉತ್ತರ ಊಹಿಸಿ ಗುಂಡಿ ಒತ್ತುವುದನ್ನು ಹುಡುಗರು ಬೇಗ ಕಲಿತರು, ಅಷ್ಟೆ.

ದಾರಿ ಸಿಕ್ಕಿದ್ದು ಗಣಿತಜ್ಞ ಯೂರಿ ಟ್ರೈಸ್ಮನ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಕೆಲಸದಿಂದ. ಕಲನಶಾಸ್ತ್ರದಲ್ಲಿ ಎಡವುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಹಟವೂ ಇತ್ತು, ಮನೆಯವರ ಒತ್ತಾಸೆಯೂ ಇತ್ತು. ಆದರೆ ಅವರು ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಚೀನೀ ಮೂಲದವರು ಜೊತೆಯಾಗಿ ಓದುತ್ತಿದ್ದರು. ಟ್ರೈಸ್ಮನ್ ಪರಿಹಾರ ಬೋಧನೆಯ ಗೊಡವೆಗೆ ಹೋಗದೆ, ಗುಂಪು ಕೂಡಿಸಿ ಕಠಿಣ ಲೆಕ್ಕಗಳನ್ನೇ ಮುಂದಿಟ್ಟರು.

ನಾನು ನಾಲ್ವರ ಗುಂಪು ಮಾಡಿದೆ. ‘ಅಕ್ಕಪಕ್ಕದ ಎರಡು ಸಮಸಂಖ್ಯೆಗಳ ಗುಣಲಬ್ಧ ಸದಾ 8ರಿಂದ ಭಾಗವಾಗುತ್ತದೆಯೇ?’ ಇಂಥದ್ದೊಂದು ಪ್ರಶ್ನೆಗೆ ಇಡೀ ಮುಕ್ಕಾಲು ಗಂಟೆ. 4 ಗುಣಿಸು 6, 10 ಗುಣಿಸು 12 ಎಂದು ಪುಟ ತುಂಬಿಸಿದರು. ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ತಟ್ಟನೆ, ‘ಎರಡನ್ನೂ 2ರಿಂದ ಭಾಗಿಸಿದರೆ ಸಿಗುವುದು ಪಕ್ಕಪಕ್ಕದ ಸಂಖ್ಯೆಗಳು, ಅವುಗಳಲ್ಲಿ ಒಂದು ಸಮವಾಗಿರಲೇಬೇಕು’ ಎಂದ. ಉಳಿದ ಮೂವರೂ ಅವನನ್ನು ಬಿಡಲಿಲ್ಲ, ಮೊದಲಿನಿಂದ ವಿವರಿಸುವಂತೆ ಹಿಡಿದು ಕೂರಿಸಿದರು. ಭಿನ್ನರಾಶಿಯನ್ನು ಇಂಥ ಲೆಕ್ಕಗಳ ನಡುವೆಯೇ ಕಲಿತರು. ಯಾರನ್ನು ಯಾರ ಜೊತೆ ಕೂರಿಸಬೇಕೆಂಬ ನನ್ನ ಲೆಕ್ಕಾಚಾರವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು ಅದು.

ನೀವೂ ಇಂಥ ಗುಂಪು ಕಟ್ಟುವುದಾದರೆ ಪ್ರಿನ್ಸಿಪಾಲರಿಂದ ಒಂದು ಮಾತು ಪಡೆದುಕೊಳ್ಳಿ: ಯಾವ ತಪ್ಪಿಗೂ ಶಿಕ್ಷೆಯಾಗಿ ಈ ಅವಧಿಯನ್ನು ಕಿತ್ತುಕೊಳ್ಳಬಾರದು. ಈ ದೇಶದಲ್ಲಿ ಕಪ್ಪು ಹುಡುಗರಿಗೆ ಅಮಾನತು ಬಹಳ ಸುಲಭವಾಗಿ ಬೀಳುತ್ತದೆ. ಪಾಠ ತಪ್ಪಿದವನು ಹಿಂದೆ ಬೀಳುತ್ತಾನೆ, ಆಮೇಲೆ ಅವನನ್ನೇ ದೂರುತ್ತೇವೆ.

ಇನ್ನು ಹಣ. ಷಿಕಾಗೋದಲ್ಲಿ ಇಬ್ಬರಿಗೊಬ್ಬ ಶಿಕ್ಷಕನಂತೆ ದಿನವೂ ಗಣಿತ ಹೇಳಿಕೊಟ್ಟ ಯೋಜನೆ ಚೆನ್ನಾಗಿ ಫಲ ಕೊಟ್ಟಿದೆ. ಆದರೆ ತಲಾ ವರ್ಷಕ್ಕೆ 3,500ರಿಂದ 4,300 ಡಾಲರ್ ಖರ್ಚು. ಅಷ್ಟು ನಮಗೆಲ್ಲಿಂದ ಬರಬೇಕು? ಹನ್ನೆರಡನೆಯ ತರಗತಿಯ ಕಪ್ಪು ಹುಡುಗರನ್ನೇ ಗಂಟೆಗೆ 15 ಡಾಲರ್‌ನಂತೆ ಗುಂಪಿನ ಮೇಲ್ವಿಚಾರಣೆಗೆ ಇಟ್ಟೆ. ತಿಂಡಿಯೂ ಸೇರಿ ಕಲಿಯುವವರಿಗೆ ತಲಾ 400 ಡಾಲರ್ ಆಗಿರಬಹುದು. ಅನುದಾನ ತಡವಾದ ತಿಂಗಳುಗಳಲ್ಲಿ ಪಿಜ್ಜಾದ ಹಣ ನನ್ನ ಜೇಬಿನದೇ.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ. ‘ನಿನ್ನಿಂದ ಬಹಳ ನಿರೀಕ್ಷಿಸುತ್ತೇನೆ, ನೀನು ಅದನ್ನು ಮುಟ್ಟಬಲ್ಲೆ ಎಂದು ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ’ ಎಂಬ ಒಂದು ಸಾಲಿನ ಚೀಟಿ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಚೀಟಿ ಪಡೆದ ಕಪ್ಪು ವಿದ್ಯಾರ್ಥಿಗಳಲ್ಲಿ ಪ್ರಬಂಧವನ್ನು ತಿದ್ದಿ ಬರೆದವರ ಪ್ರಮಾಣ ಬಹಳ ಹೆಚ್ಚಾಗಿತ್ತು. ಗಣಿತದ ಉತ್ತರಪತ್ರಿಕೆಗೆ ಅಂಟಿಸಿದಾಗ ಮೊದಮೊದಲು ಕೆಲಸ ಮಾಡಿತು. ಪ್ರತಿಸಲವೂ ಅಂಟಿಸಿದಾಗ ಯಾರೂ ಓದಲಿಲ್ಲ. ಈಗ ಸೆಮಿಸ್ಟರ್‌ಗೆ ಒಮ್ಮೆ, ಕೈಬರಹದಲ್ಲೇ ಬರೆಯುತ್ತೇನೆ.

ಮುಂದಿನ ವರ್ಷ ರೇಖಾಗಣಿತಕ್ಕೂ ಗುಂಪು ಕಟ್ಟುತ್ತಿದ್ದೇನೆ. ಮೇಲ್ವಿಚಾರಣೆಗೆ ಬರುವವರಲ್ಲಿ ಆ 8ರ ಲೆಕ್ಕ ಬಿಡಿಸಿದವನೂ ಒಬ್ಬ.